ಪೋಸ್ಟರಿನ ಮೇಲೆ ಯಾರ ಅಧಿಕಾರ?

ಒಂದು ಹಾಡಿನ ಕಾರ್ಯಕ್ರಮದ ಪೋಸ್ಟರು ಗೋಡೆಗೆ ಬರುವ ಮೊದಲು ಎಷ್ಟು ಜನರ ‘ಓಕೆ’ ಬೇಕು? ಕಾರ್ಯಕ್ರಮ ನಡೆಸುವ ಕಂಪೆನಿಯ ಹುಡುಗ ಓಕೆ ಅನ್ನಬೇಕು. ಅವನ ಮೇಲಿನ ಮ್ಯಾನೇಜರ್ ಓಕೆ ಅನ್ನಬೇಕು. ಹಣ ಹಾಕುವ ಪ್ರಾಯೋಜಕರ ಕಚೇರಿಯಿಂದ ಓಕೆ ಬರಬೇಕು. ಸಭಾಂಗಣದ ಮಾಲಕರು ಓಕೆ ಅನ್ನಬೇಕು. ಮಾಲಕರ ಭಾವಮೈದುನನಿಗೆ ನೀಲಿ ಬಣ್ಣ ಹಿಡಿಸದಿದ್ದರೆ ಅದೂ ಒಂದು ತಕರಾರೇ. ಓಕೆಗಳ ಈ ಮೆರವಣಿಗೆಯಲ್ಲಿ ಒಬ್ಬರನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ದಿನ ವೇದಿಕೆ ಹತ್ತಿ ಹಾಡುವವರನ್ನು! ಹೆಸರು ಅವರದು, ಮುಖ ಅವರದು, ಟಿಕೇಟು ಮಾರಾಟವಾಗುವುದು ಅವರ ಹಾಡಿನ ಮೇಲೆ. ಆದರೆ ಪೋಸ್ಟರು ಹೇಗಿರಬೇಕು ಎಂಬ ಮಾತು ಬಂದಾಗ ಅವರು ಹೊರಗಿನವರು.

ಪೋಸ್ಟರು ಬರೆದು ಅನ್ನ ತಿನ್ನುವ ನಾವು ಈ ಮಾತನ್ನು ಇನ್ನೂ ಪಿಸುದನಿಯಲ್ಲಿ ಹೇಳುತ್ತಾ ಕೂತರೆ ಪ್ರಯೋಜನವಿಲ್ಲ. ಹಾಡುವವರಿಗೂ ಚಿತ್ರ ಬರೆಯುವವರಿಗೂ ನಡುವೆ ಒಂದು ಗೋಡೆ ಎದ್ದಿದೆ. ಅದರ ಹೆಸರು ಈವೆಂಟ್ ಮ್ಯಾನೇಜ್‌ಮೆಂಟ್. ಆ ಗೋಡೆಯನ್ನು ದಾಟಿ ನಾವು ನೇರವಾಗಿ ಬ್ಯಾಂಡಿನವರ ಬಳಿಗೆ ಹೋಗಬೇಕು, ಕೆಲಸವನ್ನು ಅವರಿಂದಲೇ ಕೇಳಿ ಪಡೆಯಬೇಕು, ಒಪ್ಪಿಗೆಯನ್ನೂ ಅವರಿಂದಲೇ ಪಡೆಯಬೇಕು ಎಂಬುದು ನಮ್ಮ ವಾದ. ಆ ಒಪ್ಪಿಗೆಗೂ ಒಂದು ಎಲ್ಲೆ ಇರಬೇಕು, ಆ ಎಲ್ಲೆ ಬರವಣಿಗೆಯಲ್ಲಿ ಇರಬೇಕು ಎಂಬುದು ಅದೇ ವಾದದ ಇನ್ನರ್ಧ. “ಒಂದು ತುಂಡು ಕಾಗದಕ್ಕೆ ಇಷ್ಟೊಂದು ಗದ್ದಲವೇ?” ಎಂದು ಕೇಳುವವರಿದ್ದಾರೆ. ಆ ತುಂಡು ಕಾಗದದ ಹಿಂದೆ ಒಬ್ಬನ ಮನೆ ಬಾಡಿಗೆ, ಮಕ್ಕಳ ಫೀಸು, ಕಂಪ್ಯೂಟರಿಗೆ ಮಾಡಿದ ಸಾಲದ ಕಂತು ಇದೆ. ಗದ್ದಲ ಅದಕ್ಕಾಗಿ.

ಹಳೆಯ ಜಗಳ

ಈ ಜಗಳ ನಿನ್ನೆ ಮೊನ್ನೆಯದಲ್ಲ. 1892ರ ಪ್ಯಾರಿಸ್ ನಗರವನ್ನು ನೋಡಿ. ಅರಿಸ್ತೀದ್ ಬ್ರ್ಯುಆಂ ಎಂಬ ಗಾಯಕನಿದ್ದ. ಬೀದಿಯ ಭಾಷೆಯಲ್ಲಿ ಬಡವರ, ಪೋಕರಿಗಳ ಬದುಕನ್ನು ಹಾಡಿ ಮೊಂಮಾರ್ತ್ರ್ ಎಂಬ ಬಡಾವಣೆಯಲ್ಲಿ ಹೆಸರಾದವನು. ದೊಡ್ಡ ಮನುಷ್ಯರು ಬರುವ ‘ಅಂಬಾಸಾದೋರ್’ ಎಂಬ ರಂಗಶಾಲೆಯಿಂದ ಅವನಿಗೆ ಕರೆ ಬಂತು. ಪೋಸ್ಟರನ್ನು ಬರೆಯಲು ಅವನು ರಂಗಶಾಲೆಯವರನ್ನು ಕೇಳಲಿಲ್ಲ, ತಾನೇ ಚಿತ್ರಕಾರ ತುಲೂಸ್ ಲೋತ್ರೆಕ್‌ನಿಗೆ ಹೇಳಿದ. ಕಪ್ಪು ನಿಲುವಂಗಿ, ಅಗಲ ಟೋಪಿ, ಕೆಂಪು ಶಾಲು, ಅಷ್ಟೇ ಇದ್ದ ಚಿತ್ರ ಅದು. ರಂಗಶಾಲೆಯ ಮಾಲಕನಿಗೆ ಅದು ಕುರೂಪವಾಗಿ ಕಂಡಿತು. ಹಾಕುವುದಿಲ್ಲ ಎಂದ. ಬ್ರ್ಯುಆಂ ಹೇಳಿದ್ದು ಇಷ್ಟೇ: ಪೋಸ್ಟರು ಅಂಟಿಸದಿದ್ದರೆ ತಾನು ವೇದಿಕೆ ಹತ್ತುವುದಿಲ್ಲ. ಪೋಸ್ಟರು ಗೋಡೆಗೆ ಬಂತು. ಇಂದು ಆ ಮಾಲಕನ ಹೆಸರು ಯಾರ ನಾಲಿಗೆಯ ಮೇಲೂ ಇಲ್ಲ, ಆ ಕೆಂಪು ಶಾಲು ಮಾತ್ರ ಜಗತ್ತಿನ ವಸ್ತುಸಂಗ್ರಹಾಲಯಗಳಲ್ಲಿದೆ.

ಇನ್ನೂ ಮೂರು ವರ್ಷ ಕಳೆಯುವುದರೊಳಗೆ ಅದೇ ಊರಿನಲ್ಲಿ ಅದೇ ಕತೆ ಮತ್ತೊಮ್ಮೆ ನಡೆಯಿತು. 1894ರ ಕ್ರಿಸ್‌ಮಸ್ ವೇಳೆಗೆ ನಟಿ ಸಾರಾ ಬರ್ನಾರ್ಡ್‌ಗೆ ‘ಜಿಸ್ಮೊಂದಾ’ ನಾಟಕಕ್ಕೆ ತುರ್ತಾಗಿ ಪೋಸ್ಟರು ಬೇಕಾಗಿತ್ತು. ಮುದ್ರಣಾಲಯದಲ್ಲಿ ಕೈಗೆ ಸಿಕ್ಕ ಕಲಾವಿದ ಅಲ್ಫೋನ್ಸ್ ಮುಖಾ. ಹೊಟ್ಟೆಪಾಡಿಗಾಗಿ ಪ್ಯಾರಿಸ್‌ಗೆ ಬಂದಿದ್ದ ಮೊರೇವಿಯಾದ ಚಿತ್ರಕಾರ. ಆತ ಬರೆದದ್ದನ್ನು ನೋಡಿ ಮುದ್ರಣಾಲಯದ ಮೇಲ್ವಿಚಾರಕ ಮೂಗು ಮುರಿದ. ಆದರೆ ಸಾರಾ ಬರ್ನಾರ್ಡ್ ಕಣ್ಣಿಗೆ ಬಿದ್ದ ಕೂಡಲೇ ಅವಳು ಒಪ್ಪಿದಳು. 1895ರ ಹೊಸ ವರ್ಷದ ಹೊತ್ತಿಗೆ ಪೋಸ್ಟರು ಬೀದಿಗೆ ಬಂತು, ಮುಖಾನಿಗೆ ಆರು ವರ್ಷಗಳ ಒಪ್ಪಂದ ಸಿಕ್ಕಿತು. ಮೇಲ್ವಿಚಾರಕನ ಅಭಿಪ್ರಾಯವೇ ಕೊನೆಯದಾಗಿದ್ದರೆ ಏನಾಗುತ್ತಿತ್ತು? ಕಲೆಯ ಚರಿತ್ರೆಯ ಒಂದು ಅಧ್ಯಾಯ ಮುದ್ರಣಾಲಯದ ಕಸದ ಬುಟ್ಟಿಗೆ ಹೋಗುತ್ತಿತ್ತು.

ಹಾಗೆಂದು ಹಾಡುವವರು ಯಾವಾಗಲೂ ‘ಹೂಂ’ ಅನ್ನುತ್ತಾರೆ ಎಂದೇನೂ ಇಲ್ಲ. ಅದೇ ಲೋತ್ರೆಕ್ 1894ರಲ್ಲಿ ಗಾಯಕಿ ಇವೆತ್ ಗಿಲ್ಬೇರ್‌ಗೆ ಪೋಸ್ಟರಿನ ಕರಡು ಬರೆದು ತೋರಿಸಿದ. ತನ್ನನ್ನು ಇಷ್ಟು ಕುರೂಪಿಯಾಗಿ ತೋರಿಸಬೇಡ ಎಂದು ಅವಳು ಕೇಳಿಕೊಂಡಳು, ಆ ಪೋಸ್ಟರು ಆಗಲೇ ಇಲ್ಲ. ಕಲಾವಿದನಿಗೆ ನಿರಾಸೆಯಾಗಿರಬಹುದು. ಆದರೆ ನಾವು ಒಪ್ಪಲೇಬೇಕು, ಅದು ಅವಳ ಹಕ್ಕು. ಮುಖ ಅವಳದು. ರಂಗಶಾಲೆಯ ಮಾಲಕ ಬೇಡ ಎನ್ನುವುದಕ್ಕೂ ಹಾಡುವವಳು ಬೇಡ ಎನ್ನುವುದಕ್ಕೂ ಇರುವ ವ್ಯತ್ಯಾಸ ಇದೇ. ಒಬ್ಬರದು ಅಧಿಕಾರ, ಇನ್ನೊಬ್ಬರದು ಹಕ್ಕು.

ಉಮರ್ ಖಯ್ಯಾಮನ ಗುಲಾಬಿ

ಬ್ಯಾಂಡುಗಳ ಪೋಸ್ಟರು ಒಂದು ಸ್ವತಂತ್ರ ಕಲೆಯಾಗಿ ಬೆಳೆದದ್ದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, 1966ರ ಆಸುಪಾಸಿನಲ್ಲಿ. ಬಿಲ್ ಗ್ರಹಾಂ ನಡೆಸುತ್ತಿದ್ದ ಫಿಲ್‌ಮೋರ್, ಚೆಟ್ ಹೆಲ್ಮ್ಸ್‌ನ ‘ಫ್ಯಾಮಿಲಿ ಡಾಗ್’ ಬಳಗ ನಡೆಸುತ್ತಿದ್ದ ಅವಲಾನ್, ಈ ಎರಡು ಸಭಾಂಗಣಗಳಿಗಾಗಿ ವೆಸ್ ವಿಲ್ಸನ್, ಸ್ಟ್ಯಾನ್ಲಿ ಮೌಸ್, ಆಲ್ಟನ್ ಕೆಲ್ಲಿ, ರಿಕ್ ಗ್ರಿಫಿನ್, ವಿಕ್ಟರ್ ಮೊಸ್ಕೋಸೊ ಮೊದಲಾದವರು ಬರೆದ ಪೋಸ್ಟರುಗಳನ್ನು ಜನ ಗೋಡೆಯಿಂದ ಕಿತ್ತು ಮನೆಗೆ ಒಯ್ದರು.

ಆ ಕಾಲದ ಅತ್ಯಂತ ಪ್ರಸಿದ್ಧ ಪೋಸ್ಟರಿನ ಮೂಲ ನಮ್ಮ ಓದುಗರಿಗೆ ಅಚ್ಚರಿ ತಂದೀತು. 1966ರ ಸೆಪ್ಟೆಂಬರಿನಲ್ಲಿ ಅವಲಾನ್‌ನಲ್ಲಿ ‘ಗ್ರೇಟ್‌ಫುಲ್ ಡೆಡ್’ ಬ್ಯಾಂಡಿನ ಕಾರ್ಯಕ್ರಮಕ್ಕೆ ಕೆಲ್ಲಿ ಮತ್ತು ಮೌಸ್ ಒಂದು ಪೋಸ್ಟರು ಮಾಡಿದರು. ತಲೆಗೆ ಗುಲಾಬಿ ಮುಡಿದ ಅಸ್ಥಿಪಂಜರದ ಚಿತ್ರ. ಅದನ್ನು ಅವರು ಗ್ರಂಥಾಲಯದ ಒಂದು ಹಳೆಯ ಪುಸ್ತಕದಲ್ಲಿ ಕಂಡಿದ್ದರು. ಆ ಪುಸ್ತಕ ಯಾವುದು? ಉಮರ್ ಖಯ್ಯಾಮನ ರುಬಾಯಿಗಳು. ಚಿತ್ರ ಬರೆದವನು ಎಡ್ಮಂಡ್ ಸಲ್ಲಿವನ್ ಎಂಬ ಇಂಗ್ಲಿಷ್ ಕಲಾವಿದ. ಕನ್ನಡಕ್ಕೆ ಡಿ.ವಿ.ಜಿ.ಯವರು ‘ಉಮರನ ಒಸಗೆ’ಯಾಗಿ ತಂದ ಅದೇ ಪಾರ್ಸಿ ಕವಿ, ಸಾವಿನ ನೆರಳಿನಲ್ಲಿ ಗುಲಾಬಿಯನ್ನು ಕಂಡವನು, ಅಮೆರಿಕದ ರಾಕ್ ಸಂಗೀತದ ಗುರುತಾಗಿ ನಿಂತ. ಸಂಸ್ಕೃತಿಗಳು ಬೆರೆಯುವುದು ಹೀಗೆ. ಬೆರಕೆಯನ್ನು ಕಂಡರೆ ಹೌಹಾರುವವರು ಇದನ್ನು ಗಮನಿಸಬೇಕು.

ಆ ಚಿತ್ರ ಮೊದಲು ಬಂದದ್ದು ಸಭಾಂಗಣದವರ ಪೋಸ್ಟರಾಗಿ. ಆದರೆ ಅದನ್ನು ತನ್ನದೆಂದು ಎದೆಗವಚಿಕೊಂಡದ್ದು ಬ್ಯಾಂಡು. 1971ರಲ್ಲಿ ತನ್ನ ಧ್ವನಿಮುದ್ರಿಕೆಯ ಹೊದಿಕೆಗೂ ಅದೇ ಚಿತ್ರವನ್ನು ತಂದಿತು. ಮೌಸ್ ಮತ್ತು ಕೆಲ್ಲಿ ಆ ಬ್ಯಾಂಡಿಗೆ ವರ್ಷಗಟ್ಟಲೆ ಚಿತ್ರ ಬರೆದರು. ಕಾರ್ಯಕ್ರಮ ನಡೆಸುವವನ ಜೊತೆಗಿನ ಸಂಬಂಧ ಒಂದು ಶನಿವಾರದ್ದು. ಬ್ಯಾಂಡಿನ ಜೊತೆಗಿನ ಸಂಬಂಧ ಜೀವಮಾನದ್ದಾಗಬಹುದು.

ಸಭಾಂಗಣದ ಮಾಲಕರ ಜೊತೆ ಏನಾಯಿತು? ವೆಸ್ ವಿಲ್ಸನ್ ಫಿಲ್‌ಮೋರ್‌ಗಾಗಿ ಬರೆದ ಪೋಸ್ಟರುಗಳು ಮತ್ತೆ ಮತ್ತೆ ಅಚ್ಚಾಗಿ ಮಾರಾಟವಾದವು. ಅದರ ಪಾಲಿನ ಹಣದ ವಿಚಾರದಲ್ಲಿ ಜಗಳವಾಗಿ 1967ರಲ್ಲಿ ವಿಲ್ಸನ್ ಗ್ರಹಾಂನನ್ನು ಬಿಟ್ಟು ಹೊರಬಂದ. ಅದೇ ವರ್ಷ ಮೊಸ್ಕೋಸೊ ಬೇರೆ ದಾರಿ ಹಿಡಿದ. ‘ನಿಯಾನ್ ರೋಸ್’ ಎಂಬ ತನ್ನದೇ ಸಂಸ್ಥೆ ಕಟ್ಟಿ, ‘ಮ್ಯಾಟ್ರಿಕ್ಸ್’ ಎಂಬ ಸಣ್ಣ ಕ್ಲಬ್ಬಿನ ಕಾರ್ಯಕ್ರಮಗಳಿಗೆ ತಾನೇ ಪೋಸ್ಟರು ಬರೆದು, ತಾನೇ ಅಚ್ಚು ಹಾಕಿಸಿ, ತಾನೇ ಮಾರಿದ. ಒಂದೇ ಊರು, ಒಂದೇ ವರ್ಷ, ಇಬ್ಬರು ಪ್ರತಿಭಾವಂತರು. ಒಬ್ಬ ತನ್ನ ಪಾಲಿಗಾಗಿ ಜಗಳವಾಡಬೇಕಾಯಿತು, ಇನ್ನೊಬ್ಬ ಪಾಲನ್ನು ಕೈಯಲ್ಲೇ ಇಟ್ಟುಕೊಂಡ. ವ್ಯತ್ಯಾಸ ಪ್ರತಿಭೆಯದಲ್ಲ, ವ್ಯವಸ್ಥೆಯದು.

ನಮ್ಮಲ್ಲಿ ಏನಾಗುತ್ತಿದೆ?

ಈಗ ನಮ್ಮ ನೆಲಕ್ಕೆ ಬರೋಣ. ಬೆಂಗಳೂರಿನಲ್ಲಿ ಬ್ಯಾಂಡುಗಳಿಗೆ ಬರವಿಲ್ಲ. ‘ಥರ್ಮಲ್ ಆ್ಯಂಡ್ ಎ ಕ್ವಾರ್ಟರ್’, ‘ಸ್ವರಾತ್ಮ’, ‘ರಘು ದೀಕ್ಷಿತ್ ಪ್ರಾಜೆಕ್ಟ್’ ಮುಂತಾದ ಹೆಸರುಗಳು ಕರ್ನಾಟಕದ ಹೊರಗೂ ಹೋಗಿವೆ. ಶಿಶುನಾಳ ಷರೀಫ ಸಾಹೇಬರ ತತ್ವಪದಗಳು ಗಿಟಾರಿನ ಜೊತೆ ಹೊಸ ತಲೆಮಾರಿನ ಕಿವಿಗೆ ಬಿದ್ದದ್ದೂ ಇಂಥ ಬ್ಯಾಂಡುಗಳಿಂದಲೇ. ಕರಾವಳಿಗೆ ಬಂದರೆ ದಫ್ ತಂಡಗಳಿವೆ, ಬ್ಯಾರಿ ಹಾಡುಗಳ ತಂಡಗಳಿವೆ, ಕವ್ವಾಲಿಯವರಿದ್ದಾರೆ, ಊರಿಗೊಂದು ಆರ್ಕೆಸ್ಟ್ರಾ ಇದೆ. ಚಿತ್ರ ಬರೆಯುವ ಹುಡುಗ ಹುಡುಗಿಯರೂ ಸಾಕಷ್ಟಿದ್ದಾರೆ. ಆದರೆ ಇವರಿಬ್ಬರೂ ಮುಖಾಮುಖಿಯಾಗುವುದೇ ಅಪರೂಪ.

ನಡುವೆ ನಿಂತವರಿಗೆ ಚಿತ್ರ ಬೇಕಾಗಿಲ್ಲ, ಜಾಗ ಬೇಕು. ಪ್ರಾಯೋಜಕರ ಲಾಂಛನಕ್ಕೆ ಜಾಗ, ಅತಿಥಿಗಳ ತಲೆಗಳಿಗೆ ಜಾಗ. ಊರಿನ ಫ್ಲೆಕ್ಸ್‌ಗಳನ್ನು ನೋಡಿ. ಮೂವತ್ತು ಮುಖಂಡರು ಕೈ ಮುಗಿದು ನಿಂತಿರುತ್ತಾರೆ, ಹಾಡುವವನು ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿರುತ್ತಾನೆ. 2016ರಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಜೊತೆಗೆ ಫ್ಲೆಕ್ಸನ್ನೂ ನಿಷೇಧಿಸಿತು. 2018ರಲ್ಲಿ ಹೈಕೋರ್ಟಿನ ಛಾಟಿ ಬೀಸಿದ ಮೇಲೆ ಬೆಂಗಳೂರಿನ ಕಂಬಗಳಿಂದ ಫ್ಲೆಕ್ಸ್‌ಗಳನ್ನು ಇಳಿಸಲಾಯಿತು. ಆದರೆ ತಲೆ ಎಣಿಸುವ ಆ ಮನೋಭಾವ ಇಳಿಯಲಿಲ್ಲ, ಅದು ಈಗ ಮೊಬೈಲಿನ ಪರದೆಗೆ ಸ್ಥಳ ಬದಲಾಯಿಸಿದೆ ಅಷ್ಟೆ.

ಒಪ್ಪಿಗೆ ಕೊಡುವವನಿಗೆ ಓದಲು ಬರುತ್ತದೆಯೇ ಎಂಬುದು ಇನ್ನೊಂದು ಪ್ರಶ್ನೆ. ಇದು ತಮಾಷೆಯ ಮಾತಲ್ಲ. ವಿನ್ಯಾಸದ ತಂತ್ರಾಂಶವನ್ನು ಸರಿಯಾಗಿ ಹೊಂದಿಸದಿದ್ದರೆ ಕನ್ನಡದ ಒತ್ತಕ್ಷರ ಕಳಚಿ ಪಕ್ಕದಲ್ಲಿ ಬಿದ್ದಿರುತ್ತದೆ. ನುಡಿಯಲ್ಲಿ ಟೈಪು ಮಾಡಿದ್ದು ಬೇರೆ ಫಾಂಟಿಗೆ ಹೋದರೆ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಉರ್ದುವಿನ ಪಾಡು ಇನ್ನೂ ಕಷ್ಟ, ಅಕ್ಷರಗಳು ಒಂದಕ್ಕೊಂದು ಕೂಡದೆ ಬಿಡಿಬಿಡಿಯಾಗಿ, ಎಡದಿಂದ ಬಲಕ್ಕೆ ಹಿಂದುಮುಂದಾಗಿ ನಿಲ್ಲುತ್ತವೆ. ಕನ್ನಡವನ್ನಾಗಲಿ ಉರ್ದುವನ್ನಾಗಲಿ ಓದಲು ಬಾರದವನು ಅದನ್ನು ನೋಡಿ “ಬ್ಯೂಟಿಫುಲ್, ಅಪ್ರೂವ್ಡ್” ಅನ್ನುತ್ತಾನೆ. ಕವ್ವಾಲಿ ಹಾಡುವವನಿಗೆ ತೋರಿಸಿದ್ದರೆ ಒಂದೇ ನೋಟಕ್ಕೆ ಹಿಡಿಯುತ್ತಿದ್ದ. ಆದರೆ ಅವನಿಗೆ ತೋರಿಸುವುದು ಅಚ್ಚಾದ ಮೇಲೆ!

ಮೂರನೆಯದು ನಮ್ಮ ಮನಸ್ಸಾಕ್ಷಿಗೆ ಸಂಬಂಧಿಸಿದ್ದು. ಮದ್ಯದ ಜಾಹೀರಾತಿಗೆ ಕಡಿವಾಣ ಬಿದ್ದ ಮೇಲೆ ಆ ಕಂಪೆನಿಗಳು ಸೋಡಾ, ಸಂಗೀತದ ಸಿ.ಡಿ. ಮುಂತಾದವುಗಳ ಹೆಸರಿನಲ್ಲಿ ಒಳಬಂದವು ಎಂಬುದು ಎಲ್ಲರಿಗೂ ಗೊತ್ತು. 2022ರಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಇಂಥ ಮುಸುಕಿನ ಜಾಹೀರಾತುಗಳ ವಿರುದ್ಧ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ದಲ್ಲಾಳಿಯ ಮೂಲಕ ಕೆಲಸ ಮಾಡುವ ಕಲಾವಿದ ತನ್ನ ಚಿತ್ರದ ನೆತ್ತಿಯ ಮೇಲೆ ಯಾರ ಹೆಸರು ಕೂರುತ್ತದೆ ಎಂಬುದನ್ನು ಗೋಡೆಯ ಮೇಲೆ ನೋಡಿಯೇ ತಿಳಿಯಬೇಕು. ಷರೀಫ ಸಾಹೇಬರ ತತ್ವಪದದ ಪೋಸ್ಟರಿನ ಮೇಲೆ ಮದ್ಯದ ಹೆಸರು ಬಂದರೆ ಹಾಡುವವನಿಗೂ ನೋವು, ಬರೆದವನಿಗೂ ನೋವು. ಇಬ್ಬರೂ ಮೊದಲೇ ಕೂತು ಮಾತಾಡಿದ್ದರೆ ‘ಇಂಥ ಲಾಂಛನ ಸೇರಿಸಕೂಡದು’ ಎಂದು ಒಂದು ಸಾಲು ಬರೆದುಕೊಳ್ಳಬಹುದಿತ್ತು. ಆ ಒಂದು ಸಾಲಿನ ಸ್ವಾತಂತ್ರ್ಯ ನೇರ ವ್ಯವಹಾರದಲ್ಲಿ ಮಾತ್ರ ಸಿಗುತ್ತದೆ.

ಕೊನೆಯದು ಹಣ. ಕಾರ್ಯಕ್ರಮ ನಡೆಸುವ ಕಂಪೆನಿಯೊಂದು ಒಂದೇ ಪೋಸ್ಟರನ್ನು ನಮ್ಮಿಂದ ಹನ್ನೊಂದು ಸಲ ತಿದ್ದಿಸಿತು. ಹನ್ನೊಂದನೆಯ ಸಲದ ತಿದ್ದುಪಡಿ ಏನೆಂದರೆ ಮೊದಲಿನ ಹಾಗೆಯೇ ಮಾಡಿ ಎಂಬುದು! ಹಣ ಕೇಳಿದಾಗ ಬಂದ ಉತ್ತರ, “ಬ್ಯಾಂಡಿನವರಿಗೆ ಡಿಸೈನ್ ಅಷ್ಟು ಇಷ್ಟವಾಗಲಿಲ್ಲ.” ಬ್ಯಾಂಡಿನವರನ್ನು ವಿಚಾರಿಸಿದರೆ ಅವರಿಗೆ ಯಾರೂ ತೋರಿಸಿಯೇ ಇರಲಿಲ್ಲ. ನಡುವಿನವನ ಲಾಭ ಇರುವುದೇ ಇಲ್ಲಿ. ಎರಡೂ ಕಡೆಯವರು ಮಾತಾಡಿಕೊಳ್ಳದಿರುವುದೇ ಅವನ ಬಂಡವಾಳ.

ಕೇಳುವುದು ಹೇಗೆ?

ನೇರವಾಗಿ ಹೋಗಿ ಎಂದು ಹೇಳಿ ಸುಮ್ಮನಾದರೆ ಅದು ಬರಿಯ ಭಾಷಣ. ಹೋಗುವುದಕ್ಕೂ ಒಂದು ಕ್ರಮವಿದೆ.

ಮೊದಲು ಹೋಗಿ ಹಾಡು ಕೇಳಬೇಕು. ಹಾಡು ಕೇಳದೆ ಪೋಸ್ಟರು ಬರೆಯುತ್ತೇನೆ ಅನ್ನುವವನು ರೋಗಿಯನ್ನು ನೋಡದೆ ಔಷಧಿ ಕೊಡುವವನಂತೆ. ಆಮೇಲೆ ಅರ್ಧ ಪುಟದ ಪತ್ರ ಸಾಕು. ಯಾವ ಕಾರ್ಯಕ್ರಮಕ್ಕೆ, ಯಾವ ಹಾಡಿನಿಂದ ಯಾವ ಚಿತ್ರ ಹೊಳೆಯಿತು, ಎಷ್ಟು ದಿನ ಬೇಕು, ಎಷ್ಟು ಹಣ, ಇಷ್ಟೇ. ಜೊತೆಗೆ ಹಿಂದೆ ಮಾಡಿದ ಮೂರು ನಾಲ್ಕು ಕೆಲಸಗಳು. ಕಾರ್ಯಕ್ರಮಕ್ಕೆ ವಾರ ಇರುವಾಗ ಅಲ್ಲ, ತಿಂಗಳು ಒಂದೂವರೆ ತಿಂಗಳು ಇರುವಾಗಲೇ ಕೇಳಬೇಕು.

ಪೂರ್ತಿ ಪೋಸ್ಟರನ್ನು ಬಿಟ್ಟಿ ಬರೆದು ಮುಂದಿಡಬಾರದು. “ಐದು ಜನ ಬರೆದು ಕೊಡಲಿ, ಇಷ್ಟವಾದವರಿಗೆ ಹಣ ಕೊಡುತ್ತೇವೆ” ಎಂಬ ಪದ್ಧತಿಯನ್ನು ಸ್ಪರ್ಧೆ ಎಂದು ಕರೆಯುತ್ತಾರೆ. ನಾವು ಅದನ್ನು ಕೂಲಿಗಳ್ಳತನ ಎಂದು ಕರೆಯುತ್ತೇವೆ. ಐದು ಮೇಸ್ತ್ರಿಗಳಿಂದ ಐದು ಮನೆ ಕಟ್ಟಿಸಿ, ಇಷ್ಟವಾದ ಒಂದಕ್ಕೆ ಮಾತ್ರ ಹಣ ಕೊಡುವವರು ಯಾರಾದರೂ ಇದ್ದಾರೆಯೇ?

ಬ್ಯಾಂಡಿನಲ್ಲಿ ಐದು ಜನರಿದ್ದರೆ ಐದು ಅಭಿಪ್ರಾಯಗಳಿರುತ್ತವೆ. ಡ್ರಮ್ಮು ಬಾರಿಸುವವನಿಗೆ ಬೆಂಕಿ ಬೇಕು, ಕೊಳಲಿನವನಿಗೆ ನೀರು ಬೇಕು. ಆದ್ದರಿಂದ ಮೊದಲ ದಿನವೇ ಕೇಳಬೇಕಾದ ಪ್ರಶ್ನೆ: “ನಿಮ್ಮಲ್ಲಿ ಹೌದು ಅಥವಾ ಇಲ್ಲ ಎಂದು ಹೇಳುವವರು ಯಾರು?” ಒಂದು ಹೆಸರು. ಒಳಗಿನ ಜಗಳವನ್ನು ಅವರೇ ಒಳಗೆ ತೀರಿಸಿಕೊಳ್ಳಲಿ.

ಒಪ್ಪಿಗೆಯ ಎಲ್ಲೆ

ಒಪ್ಪಿಗೆಯನ್ನು ಮೂರು ಮೆಟ್ಟಿಲುಗಳಾಗಿ ಪಡೆಯಬೇಕು. ಮೊದಲನೆಯದು ಪೆನ್ಸಿಲಿನ ಕರಡಿಗೆ. ‘ಕಲ್ಪನೆಯೇ ಬೇಡ’ ಎಂದು ಹೇಳುವುದಿದ್ದರೆ ಇಲ್ಲಿ ಹೇಳಬೇಕು, ಆಮೇಲೆ ಹೇಳಕೂಡದು. ಎರಡನೆಯದು ಬರಹಕ್ಕೆ. ಬ್ಯಾಂಡಿನ ಹೆಸರಿನ ಕಾಗುಣಿತ, ದಿನಾಂಕ, ವಾರ, ಗಂಟೆ, ಸ್ಥಳ, ಟಿಕೇಟಿನ ದರ, ಇವನ್ನು ಚಿತ್ರದಿಂದ ಬೇರೆಯಾಗಿ ಬಿಳಿಯ ಹಾಳೆಯಲ್ಲಿ ಕೊಟ್ಟು ಓದಿಸಿ ಸಹಿ ಹಾಕಿಸಬೇಕು. ಚಿತ್ರದ ಬೆಡಗಿನಲ್ಲಿ ಕಣ್ಣು ತಪ್ಪುವುದು ತಾರೀಖಿನ ಮೇಲೆಯೇ. ಮೂರನೆಯದು ಬಣ್ಣ ತುಂಬಿದ ಅಂತಿಮ ಪ್ರತಿಗೆ. ಎರಡು ಸುತ್ತಿನ ತಿದ್ದುಪಡಿ ಕೂಲಿಯಲ್ಲೇ ಸೇರಿರಲಿ, ಮೂರನೆಯ ಸುತ್ತಿಗೆ ಬೇರೆ ಹಣ ಎಂದು ಮೊದಲೇ ಬರೆದಿರಬೇಕು.

ಯಾಕಿಷ್ಟು ಕಟ್ಟುನಿಟ್ಟು? ಸ್ಕ್ರೀನ್ ಪ್ರಿಂಟಿಂಗ್ ಮಾಡುವವರನ್ನು ಕೇಳಿ. ಅಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಕ್ರೀನು. ಫಿಲಂ ತೆಗೆದು ಸ್ಕ್ರೀನಿಗೆ ಬೆಳಕು ಕೊಟ್ಟ ಮೇಲೆ ‘ಏಳು ಗಂಟೆ ಅಲ್ಲ, ಏಳೂವರೆ’ ಎಂದರೆ ಆ ಬಣ್ಣದ ಸ್ಕ್ರೀನನ್ನು ಹೊಸದಾಗಿ ಮಾಡಬೇಕು. ಆ ಅರ್ಧ ಗಂಟೆಯ ಬೆಲೆಯನ್ನು ಯಾರು ಕೊಡಬೇಕು? ಸಹಿ ಹಾಕಿದ ಹಾಳೆ ಇದ್ದರೆ ಉತ್ತರ ಸುಲಭ. ಇಲ್ಲದಿದ್ದರೆ ಉತ್ತರ ಯಾವಾಗಲೂ ಬಡಪಾಯಿ ಕಲಾವಿದನೇ.

ಹೆಸರು, ಮುಖ, ದಿನ, ಸ್ಥಳ, ಇವುಗಳ ಮೇಲೆ ಕೊನೆಯ ಮಾತು ಬ್ಯಾಂಡಿನದು. ಗೆರೆ, ಬಣ್ಣ, ಅಕ್ಷರದ ರೂಪ, ಇವುಗಳ ಮೇಲೆ ಕೊನೆಯ ಮಾತು ಬರೆದವನದು. ಬ್ಯಾಂಡಿನವರು ಇಲ್ಲಿ ನೀಲಿ ಸ್ವಲ್ಪ ಹೆಚ್ಚಾಯಿತೇ ಎಂದು ಕೇಳಬಹುದು, ಚರ್ಚಿಸಬಹುದು. ಅಡುಗೆಗೆ ಉಪ್ಪು ಕಡಿಮೆ ಎನ್ನಬಹುದು, ಆದರೆ ಒಲೆಯ ಮುಂದೆ ನಿಂತು ಸೌಟು ಕಿತ್ತುಕೊಳ್ಳಬಾರದು.

ಬರೆದಿಡಿ

ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಕಲಾವಿದರು ಓದುವುದೇ ಇಲ್ಲ. ಹಣ ಕೊಟ್ಟು ಬರೆಸಿದ ವರ್ಣಚಿತ್ರದ, ಭಾವಚಿತ್ರದ ಮೊದಲ ಹಕ್ಕುದಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಬರೆಸಿದವನೇ ಎನ್ನುತ್ತದೆ ಅದರ 17ನೇ ಕಲಮು. ದಲ್ಲಾಳಿಯ ಮೂಲಕ ಹೋದರೆ ಬರೆಸಿದವನು ಯಾರು? ದಲ್ಲಾಳಿಯೇ! ಆಗ ಚಿತ್ರ ಬರೆದವನದೂ ಅಲ್ಲ, ಹಾಡಿದವನದೂ ಅಲ್ಲ ಎಂಬ ವಾದಕ್ಕೆ ದಾರಿಯಾಯಿತು. ‘ಬೇರೆ ಒಪ್ಪಂದ ಇಲ್ಲದಿದ್ದರೆ’ ಎಂಬ ಮಾತಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿ. ನಮ್ಮ ರಕ್ಷಣೆ ಅಷ್ಟರಲ್ಲೇ ಇದೆ. 19ನೇ ಕಲಮಿನ ಪ್ರಕಾರ ಹಕ್ಕನ್ನು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಹಕ್ಕನ್ನು ಮಾರಿದ ಮೇಲೂ ತನ್ನ ಹೆಸರನ್ನು ಕೇಳುವ, ಕೃತಿಯನ್ನು ವಿಕೃತಗೊಳಿಸಿದರೆ ಆಕ್ಷೇಪಿಸುವ ಹಕ್ಕನ್ನು 57ನೇ ಕಲಮು ಕಲಾವಿದನಿಗೇ ಉಳಿಸಿದೆ. ದಿಲ್ಲಿಯ ವಿಜ್ಞಾನ ಭವನದಲ್ಲಿದ್ದ ಅಮರನಾಥ ಸೆಹಗಲ್ ಅವರ ಕಂಚಿನ ಭಿತ್ತಿಶಿಲ್ಪವನ್ನು 1979ರಲ್ಲಿ ಕಿತ್ತು ಗೋದಾಮಿಗೆ ತುಂಬಿದ ಕೇಂದ್ರ ಸರಕಾರಕ್ಕೆ, ದಿಲ್ಲಿ ಹೈಕೋರ್ಟು 2005ರಲ್ಲಿ ಶಿಲ್ಪದ ಅವಶೇಷವನ್ನು ಹಿಂದಿರುಗಿಸಿ ಐದು ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಹೇಳಿದ್ದು ಈ ಕಲಮಿನ ಬಲದಿಂದಲೇ. ಇನ್ನು, ಸಣ್ಣ ಉದ್ದಿಮೆಯಾಗಿ ನೋಂದಾಯಿಸಿಕೊಂಡವರ ಹಣವನ್ನು ಹೆಚ್ಚೆಂದರೆ 45 ದಿನಗಳೊಳಗೆ ಕೊಡಬೇಕು, ತಪ್ಪಿದರೆ ಚಕ್ರಬಡ್ಡಿ ಕೊಡಬೇಕು ಎಂದು 2006ರ ಕಾಯ್ದೆ ಹೇಳುತ್ತದೆ.

ಕಾಯ್ದೆಯ ಮಾತು ಬಿಡಿ. ಕುರ್‌ಆನಿನ ಅತ್ಯಂತ ದೀರ್ಘವಾದ ವಚನ ಯಾವುದರ ಬಗ್ಗೆ ಇದೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಯೋಚಿಸಿದ್ದೇವೆ? ಅಲ್ ಬಕರ ಅಧ್ಯಾಯದ 282ನೇ ವಚನ ಸಾಲದ ವ್ಯವಹಾರವನ್ನು ಅವಧಿಸಹಿತ ಬರೆದಿಡುವ ಬಗ್ಗೆ, ಸಾಕ್ಷಿಗಳ ಬಗ್ಗೆ, ಸಣ್ಣದೆಂದು ಬರೆಯಲು ಬೇಸರಿಸಬಾರದೆಂಬ ಬಗ್ಗೆ ಇದೆ. ಕೆಲಸಗಾರನ ಬೆವರು ಆರುವ ಮುನ್ನ ಅವನ ಕೂಲಿಯನ್ನು ಕೊಡಬೇಕೆಂಬ ಪ್ರವಾದಿ(ಸ)ಯವರ ಬೋಧನೆಯನ್ನು ನಾವು ವೇದಿಕೆಗಳಲ್ಲಿ ಹೇಳುತ್ತೇವೆ. ಅದೇ ವೇದಿಕೆಯ ಬ್ಯಾನರ್ ಬರೆದವನ ಹಣ ಮಾತ್ರ ಮುಂದಿನ ಕಾರ್ಯಕ್ರಮದವರೆಗೂ ಬಾಕಿ! “ನಮ್ಮವನೇ ತಾನೇ, ವಿಶ್ವಾಸ ಇಲ್ಲವೇ?” ಎಂದು ಕೇಳುವವರಿಗೆ ನಮ್ಮ ಉತ್ತರ: ವಿಶ್ವಾಸ ಇರುವುದರಿಂದಲೇ ಬರೆದಿಡೋಣ, ಅದು ಕೆಡದಿರಲಿ ಎಂದು.

ಆಕ್ಷೇಪಗಳು

ಒಂದು, “ಬ್ಯಾಂಡಿನವರ ಹತ್ತಿರ ಹಣ ಎಲ್ಲಿದೆ?” ನಿಜ, ಹೊಸ ಬ್ಯಾಂಡುಗಳು ನಮ್ಮಷ್ಟೇ ಬಡವರು. ಹಾಗಿದ್ದರೆ ಮೊಸ್ಕೋಸೊನ ದಾರಿ ಇದೆ. ಸೀಮಿತ ಪ್ರತಿಗಳನ್ನು ಅಚ್ಚು ಹಾಕಿ, ಅಂಕೆ ಹಾಕಿ, ಸಹಿ ಹಾಕಿ, ಕೆಲವನ್ನು ಬ್ಯಾಂಡಿಗೆ ಕೊಟ್ಟು ಉಳಿದದ್ದನ್ನು ಕಲಾವಿದನೇ ಮಾರಬಹುದು. ಅಮೆರಿಕದ ಪೋಸ್ಟರು ಕಲಾವಿದರು 2002ರಿಂದ ‘ಫ್ಲಾಟ್‌ಸ್ಟಾಕ್’ ಎಂಬ ಸಂತೆಯನ್ನೇ ನಡೆಸಿದ್ದಾರೆ. ಬಡವರಿಬ್ಬರು ಪಾಲು ಹಂಚಿಕೊಳ್ಳುವುದು ಬೇರೆ, ಇಬ್ಬರ ಪಾಲನ್ನೂ ಮೂರನೆಯವನು ನುಂಗುವುದು ಬೇರೆ.

ಎರಡು, “ದಲ್ಲಾಳಿ ಇಲ್ಲದೆ ಕಾರ್ಯಕ್ರಮ ನಡೆಯುತ್ತದೆಯೇ?” ಪೊಲೀಸರ ಪರವಾನಗಿ, ಸಭಾಂಗಣ, ಧ್ವನಿ, ದೀಪ, ಟಿಕೇಟು, ಇವನ್ನೆಲ್ಲ ನೋಡಿಕೊಳ್ಳುವುದು ನಿಜವಾದ ಕೆಲಸ. ಅದನ್ನು ಪ್ರಾಮಾಣಿಕವಾಗಿ ಮಾಡುವವರಿದ್ದಾರೆ, ಅವರ ಕೂಲಿ ಅವರಿಗೆ ಸಲ್ಲಬೇಕು. ತಾರೀಖು, ಸ್ಥಳ ಸರಿಯಿದೆಯೇ ಎಂದು ಅವರೂ ನೋಡಲಿ. ಆದರೆ ಕುರ್ಚಿ ಜೋಡಿಸಿದ ಮಾತ್ರಕ್ಕೆ ಹಾಡಿನ ರಾಗವನ್ನು ನಿರ್ಧರಿಸುವ ಅಧಿಕಾರ ಬರುವುದಿಲ್ಲ, ಹಾಗೆಯೇ ಚಿತ್ರದ್ದೂ.

ಮೂರು, ನಮ್ಮವರಿಂದಲೇ ಬರುವ ಪ್ರಶ್ನೆ, “ಸಂಗೀತಕ್ಕೆ ಪೋಸ್ಟರು ಬರೆಯುವುದು ಸರಿಯೇ?” ಸಂಗೀತದ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯ ಹಿಂದೆಯೂ ಇತ್ತು, ಇಂದೂ ಇದೆ. ಆ ಚರ್ಚೆಯನ್ನು ಇಲ್ಲಿ ಮುಗಿಸುವ ದಾರ್ಷ್ಟ್ಯ ನಮಗಿಲ್ಲ. ಬೇಡ ಎಂದು ದೂರ ಉಳಿಯುವವರ ನಿಲುವಿಗೆ ಗೌರವವಿದೆ. ಆದರೆ ಕೆಲಸ ಮಾಡಿಸಿಕೊಂಡು, ಹಣ ಕೊಡುವ ಹೊತ್ತಿಗೆ ಮಾತ್ರ ಧರ್ಮಸೂಕ್ಷ್ಮ ನೆನಪಾಗುವವರ ಬಗ್ಗೆ ನಮಗೆ ಗೌರವವಿಲ್ಲ. ದುಡಿದವನ ಕೂಲಿಯ ವಿಷಯದಲ್ಲಿ ಯಾವ ಪಂಥದಲ್ಲೂ ಭಿನ್ನಾಭಿಪ್ರಾಯವಿಲ್ಲ.

ನಾಲ್ಕು, ಇತ್ತೀಚಿನದು. “ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ ನಿಮಿಷದಲ್ಲಿ ಚಿತ್ರ ಬರುತ್ತದೆ, ನೀವೇಕೆ?” ಬರುತ್ತದೆ. ಆದರೆ ಆ ಚಿತ್ರಕ್ಕೆ ಈ ಬ್ಯಾಂಡಿನ ಹಾಡು ಗೊತ್ತಿಲ್ಲ, ಈ ಊರಿನ ಗೋಡೆ ಗೊತ್ತಿಲ್ಲ. ಒಂದು ಮಾತು ಮಾತ್ರ ನಿಜ. ನಡುವಿನವನ ಕೈಗೊಂಬೆಯಾಗಿ ಹೇಳಿದ್ದನ್ನು ಮಾಡಿಕೊಡುವ ಕೆಲಸವನ್ನು ಯಂತ್ರ ನಮಗಿಂತ ಚೆನ್ನಾಗಿ ಮಾಡುತ್ತದೆ, ಅದಕ್ಕೆ ಬೆವರಿಲ್ಲ, ಬಾಡಿಗೆಯಿಲ್ಲ. ಹಾಡುವವರ ಎದುರು ಕೂತು, ಅವರ ಮಾತು ಕೇಳಿ, ಅವರ ಜೊತೆ ವಾದಿಸಿ ಬರೆಯುವ ಕೆಲಸ ಉಳಿಯಬಹುದಾದ ಕೆಲಸ. ದಲ್ಲಾಳಿಯನ್ನು ದಾಟುವುದು ಈಗ ಬರಿಯ ಸ್ವಾಭಿಮಾನದ ಪ್ರಶ್ನೆಯಲ್ಲ, ಉಳಿವಿನ ಪ್ರಶ್ನೆ.

ಆದ್ದರಿಂದ ಬ್ಯಾಂಡಿನವರಿಗೆ ನಾವು ಹೇಳುವುದು ಇಷ್ಟೇ. ಮುಂದಿನ ಕಾರ್ಯಕ್ರಮದ ಒಪ್ಪಂದಕ್ಕೆ ಸಹಿ ಹಾಕುವಾಗ ‘ನಮ್ಮ ಪೋಸ್ಟರನ್ನು ನಾವೇ ಬರೆಸುತ್ತೇವೆ, ನಾವೇ ಒಪ್ಪುತ್ತೇವೆ’ ಎಂಬ ಒಂದು ಸಾಲನ್ನು ಸೇರಿಸಿ. ನಿಮ್ಮ ಹಾಡಿನ ಮೊದಲ ಸ್ವರ ಜನರಿಗೆ ಕೇಳುವುದು ವೇದಿಕೆಯಲ್ಲಲ್ಲ, ಗೋಡೆಯ ಮೇಲೆ. ಅದನ್ನು ಬೇರೆಯವರ ಕೈಗೆ ಕೊಡಬೇಡಿ. ನಮ್ಮ ಜೊತೆಯ ಕಲಾವಿದರಿಗೆ ಹೇಳುವುದೂ ಇಷ್ಟೇ. ನಾಳೆ ಕೆಲಸ ಸಿಗದೇ ಹೋದೀತು ಎಂಬ ಹೆದರಿಕೆ ನಿಜವಾದದ್ದು, ಆದರೆ ಇಂದು ಮಾಡಿದ ಕೆಲಸದ ಹಣವೇ ಸಿಗದಿರುವುದು ಅದಕ್ಕಿಂತ ನಿಜ. ಅರ್ಧ ಹಣ ಮುಂಗಡ, ಒಪ್ಪುವವರು ಒಬ್ಬರು, ತಿದ್ದುಪಡಿ ಎರಡು ಸುತ್ತು, ಎಲ್ಲವೂ ಬರವಣಿಗೆಯಲ್ಲಿ. ಇಷ್ಟನ್ನು ಒಪ್ಪದವರ ಪೋಸ್ಟರನ್ನು ಅವರೇ ಬರೆದುಕೊಳ್ಳಲಿ.